ಕುಂಠಿತ ಬೆಳವಣಿಗೆಗೆ ವಂಶವಾಹಿ ನೆಪವಾಗದಿರಲಿ

ಮಾನ್ಯರೇ,

ಅಂಗನವಾಡಿಯಲ್ಲಿ ಮಗುವಿನ ಎತ್ತರ ಕಡಿಮೆ ಬಂದರೆ ‘ಅಪ್ಪ–ಅಮ್ಮನೂ ಕುಳ್ಳಗಿದ್ದಾರೆ, ವಂಶದ ಗುಣ’ ಎಂದು ಸುಮ್ಮನಾಗುವುದು ರೂಢಿಯಾಗಿದೆ. ಚೆನ್ನಾಗಿ ಉಂಡು ಬೆಳೆದವರ ನಡುವಿನ ಎತ್ತರದ ವ್ಯತ್ಯಾಸದಲ್ಲಿ ಸುಮಾರು ಶೇ 80ರಷ್ಟು ವಂಶವಾಹಿಯದೇ, ನಿಜ. ಆದರೆ ಉಂಡ ಮಗುವಿಗೂ ಉಣದ ಮಗುವಿಗೂ ಇರುವ ಅಂತರಕ್ಕೆ ಆ ಲೆಕ್ಕ ಹೊಂದುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ ಹಾಗೂ ನಮ್ಮ ದೆಹಲಿಯ ಮಕ್ಕಳನ್ನು ಅಳೆಯಿತು. ಬಡತನ ಬೆಳವಣಿಗೆಗೆ ಅಡ್ಡಿಯಾಗದ ಮನೆಗಳ, ಎದೆಹಾಲು ಕುಡಿದ ಮಕ್ಕಳನ್ನೇ ಆರಿಸಿತ್ತು. ಅವರೆಲ್ಲ ಹೆಚ್ಚೂಕಡಿಮೆ ಒಂದೇ ಸಮ ಬೆಳೆದರು. ಒಟ್ಟು ವ್ಯತ್ಯಾಸದಲ್ಲಿ ದೇಶ ದೇಶಗಳ ನಡುವಿನ ಪಾಲು ಶೇ 3 ಮಾತ್ರ! ಎರಡು ವರ್ಷದ ಗಂಡುಮಗು 81 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಕುಂಠಿತ ಎಂಬ ಮಾನದಂಡ ಬಂದದ್ದು ಅಲ್ಲಿಂದ. ಐದು ವರ್ಷದೊಳಗಿನ ಕರ್ನಾಟಕದ ಮಕ್ಕಳಲ್ಲಿ ಕುಂಠಿತರು ಶೇ 35.4 ಎನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಕೇರಳದಲ್ಲಿ ಶೇ 23.4. ಗಡಿ ದಾಟಿದರೆ ವಂಶವಾಹಿ ಬದಲಾಗುತ್ತದೆಯೇ?

ಶಾಲೆಯಲ್ಲಿ ಕೊಡುವ ಮೊಟ್ಟೆ ಖಂಡಿತ ಬೇಕು. ಆದರೆ ಎತ್ತರದ ನಷ್ಟ ಬಹುಪಾಲು ಆಗುವುದು ಗರ್ಭದಲ್ಲಿ ಮತ್ತು ಎರಡು ವರ್ಷದೊಳಗೆ. ಆರು ತಿಂಗಳು ತುಂಬಿದ ಮೇಲೆ ಎದೆಹಾಲೊಂದೇ ಸಾಲದು. ಮನೆಗಳಲ್ಲಿ ಎಡವುವುದು ಇಲ್ಲೇ. ಏಳು ಕೆ.ಜಿ. ಮಗುವಿನ ಹೊಟ್ಟೆ ಒಮ್ಮೆಗೆ ಹಿಡಿಯುವುದು ಸುಮಾರು 200 ಮಿ.ಲೀ. ಅದನ್ನು ತೆಳು ಗಂಜಿಯಿಂದ ತುಂಬಿಸಿದರೆ ಮಗು ಮುಖ ತಿರುಗಿಸುತ್ತದೆ, ಆದರೆ ದೇಹಕ್ಕೆ ಸೇರಿದ್ದು ಹೆಚ್ಚಾಗಿ ನೀರು. ರಾಗಿ ಸರಿ ಚಮಚದಿಂದ ಜಾರದಷ್ಟು ಗಟ್ಟಿಯಿರಬೇಕು. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿಯಾದರೆ ಹಿಟ್ಟು ಹೆಚ್ಚು ಹಾಕಿದರೂ ಅಂಟಂಟಾಗದು. ಮೊಳಕೆಯ ಕಿಣ್ವ ಪಿಷ್ಟವನ್ನು ಒಡೆಯುವುದೇ ಇದಕ್ಕೆ ಕಾರಣ. ಜೊತೆಗೆ ಒಂದು ಚಮಚ ಎಣ್ಣೆ ಅಥವಾ ತುಪ್ಪ, ಬೇಳೆ, ಮೊಟ್ಟೆ. ಎಂಟು ತಿಂಗಳವರೆಗೆ ದಿನಕ್ಕೆ ಎರಡು–ಮೂರು ಸಲ, ಆಮೇಲೆ ಮೂರು–ನಾಲ್ಕು ಸಲ ಉಣಿಸಬೇಕು.

ಆರು ತಿಂಗಳಿಂದ ಮೂರು ವರ್ಷದವರಿಗೆ ಅಂಗನವಾಡಿಯಿಂದ ದಿನಕ್ಕೆ 500 ಕಿಲೋ ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಕೊಡಬೇಕೆಂದು 2013ರಲ್ಲಿ ಸರ್ಕಾರವೇ ನಿಯಮ ಮಾಡಿತ್ತು. ಮನೆಗೆ ಕೊಟ್ಟ ಆಹಾರದ ಪೊಟ್ಟಣವನ್ನು ಇಡೀ ಕುಟುಂಬ ಹಂಚಿಕೊಂಡರೆ ಮಗುವಿಗೆ ಉಳಿಯುವುದೆಷ್ಟು? ಮಗುವಿಗೆ ಬೇರೆ ಬಟ್ಟಲಿಡಿಸಿ, ಅಡುಗೆಯನ್ನು ತಾಯಂದಿರ ಎದುರೇ ಮಾಡಿ ತೋರಿಸುವ ಹೊಣೆಯನ್ನು ಇಲಾಖೆ ಹೊರಬೇಕು.

ಅಳತೆಯೂ ಸರಿಯಾಗಲಿ. ಎರಡು ವರ್ಷದೊಳಗಿನವರನ್ನು ಮಲಗಿಸಿ, ಮೊಣಕಾಲು ನೇರ ಮಾಡಿ ಅಳೆಯಬೇಕು. ನಿಲ್ಲಿಸಿ ಅಳೆದರೆ 0.7 ಸೆಂ.ಮೀ. ಸೇರಿಸಬೇಕು. ಜುಟ್ಟು ಬಿಚ್ಚದೆ ಅಳೆದರೆ ಕುಂಠಿತ ಮಗು ಪಟ್ಟಿಯಿಂದಲೇ ತಪ್ಪಿಹೋಗಬಹುದು.