ಮನೆ ಕಡೆಯ ಬದಿಗೂ ಬೇಲಿ ಬೇಕು

ಮಾನ್ಯ ಸಂಪಾದಕರೇ,

ಮನೆಯ ಈಜುಕೊಳಗಳಿಗೆ ಬೇಲಿ ಕಡ್ಡಾಯ ಮಾಡಬೇಕೋ ಬೇಡವೋ ಎಂದು ನಿಮ್ಮ ಪತ್ರಿಕೆಯಲ್ಲಿ ಬರುತ್ತಿರುವ ಪತ್ರಗಳನ್ನು ಓದುತ್ತಿದ್ದೇನೆ. ಮಕ್ಕಳನ್ನು ನೋಡಿಕೊಳ್ಳುವುದು ಅಪ್ಪ ಅಮ್ಮನ ಕೆಲಸ, ಅದಕ್ಕೆ ಕಾನೂನು ಯಾಕೆ ಎಂದು ಒಬ್ಬರು ಕೇಳಿದ್ದಾರೆ. ಕಾಂಪೌಂಡ್ ಗೋಡೆ ಇದೆಯಲ್ಲ, ಅದರೊಳಗೆ ಮತ್ತೊಂದು ಬೇಲಿ ಯಾಕೆ ಎಂದು ಇನ್ನೊಬ್ಬರು. ಈ ಎರಡನೇ ಮಾತು ಕೇಳಲು ಸರಿ ಅನ್ನಿಸುತ್ತದೆ. ಅದಕ್ಕೇ ನನಗೆ ಭಯ.

ಕಾಂಪೌಂಡ್ ತಡೆಯುವುದು ಬೀದಿಯಲ್ಲಿರುವ ಮಗುವನ್ನು. ಕೊಳಕ್ಕೆ ಬೀಳುವ ಪುಟ್ಟ ಮಗು ಸಾಮಾನ್ಯವಾಗಿ ಆ ಮನೆಯದೇ, ಇಲ್ಲವೇ ಬಂದ ನೆಂಟರದು. ಅದು ಹಿಂಬಾಗಿಲಿನಿಂದ ಹೊರಗೆ ಹೋಗುತ್ತದೆ. ಆ ಬಾಗಿಲಿಗೂ ನೀರಿಗೂ ನಡುವೆ ಏನೂ ಇಲ್ಲದಿದ್ದರೆ ಉಳಿದ ಮೂರು ಬದಿಯ ಗೋಡೆ ಎಷ್ಟು ಎತ್ತರವಿದ್ದರೂ ಅಷ್ಟೇ.

ನನ್ನ ಮೊಮ್ಮಗಳಿಗೆ ಆಗ ಎರಡು ವರ್ಷ ತುಂಬಿ ಮೂರು ತಿಂಗಳು. ನೆಂಟರ ಮನೆಯಲ್ಲಿ ಆರು ಜನ ದೊಡ್ಡವರು ಮಾತಾಡುತ್ತ ಕೂತಿದ್ದೆವು. ಮಗು ಇನ್ಯಾರ ಹತ್ತಿರವೋ ಇದೆ ಅಂತ ಪ್ರತಿಯೊಬ್ಬರೂ ಅಂದುಕೊಂಡಿದ್ದೆವು. ಅವಳು ಕೊಳದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ತೇಲುತ್ತಿದ್ದ ಚೆಂಡಿಗೆ ಕೈ ಚಾಚುತ್ತಿದ್ದಳು. ನನ್ನ ಸೊಸೆ ಓಡಿಹೋಗಿ ಎತ್ತಿಕೊಂಡಳು. ಏನೂ ಆಗಲಿಲ್ಲ. ಆದರೆ ಮಗು ಎದ್ದು ಹೋಗಿದ್ದು ನಮ್ಮಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ. ನಮ್ಮಲ್ಲಿ ಯಾರೂ ಮಕ್ಕಳ ಬಗ್ಗೆ ಕಾಳಜಿ ಇಲ್ಲದವರಲ್ಲ. ನೀರಿಗೆ ಬಿದ್ದ ಮಗು ಕೂಗುತ್ತದೆ, ನಮಗೆ ಕೇಳಿಸುತ್ತದೆ ಅಂತ ನಾನೂ ನಂಬಿದ್ದೆ. ಪುಟ್ಟ ಮಕ್ಕಳು ಮುಳುಗುವಾಗ ಸಾಮಾನ್ಯವಾಗಿ ಸದ್ದೇ ಆಗುವುದಿಲ್ಲ ಎಂದು ಆಮೇಲೆ ತಿಳಿಯಿತು.

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 3 ಲಕ್ಷ ಜನ ಮುಳುಗಿ ಸಾಯುತ್ತಾರೆ. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಕೆರೆ, ನದಿ, ಬಾವಿ ಎಲ್ಲ ಸೇರಿದ ಲೆಕ್ಕ ಇದು, ನಿಜ. ಆದರೆ ಮನೆಯ ಕೊಳದ ವಿಷಯದಲ್ಲಿ ನಮಗೆ ಉಪಾಯ ಗೊತ್ತಿದೆ. ಕೊಳವನ್ನು ಮನೆಯಿಂದಲೂ ಬೇರೆ ಮಾಡುವ ನಾಲ್ಕೂ ಬದಿಯ ಬೇಲಿ, ಬರೀ ಜಾಗದ ಸುತ್ತ ಇರುವ ಬೇಲಿಗಿಂತ ಎಷ್ಟೋ ಜಾಸ್ತಿ ಮಕ್ಕಳನ್ನು ಉಳಿಸುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ನಾಲ್ಕು ಬದಿಯ ಬೇಲಿಯನ್ನೇ ಹೇಳುತ್ತದೆ.

ಅಲಾರಂ ಸಾಲದೇ ಎಂದು ಕೇಳುವವರಿದ್ದಾರೆ. ಫ್ರಾನ್ಸ್‌ನ 2003ರ ಕಾನೂನು ಬೇಲಿ, ಅಲಾರಂ, ಹೊದಿಕೆ, ಕೊಳದ ಮೇಲೆ ಮುಚ್ಚಿದ ಚಾವಣಿ ಈ ನಾಲ್ಕರಲ್ಲಿ ಒಂದಿದ್ದರೆ ಸಾಕು ಎನ್ನುತ್ತದೆ. ನನಗೆ ಇದು ಒಪ್ಪಿಗೆಯಿಲ್ಲ. ನೀರಿನ ಅಲಾರಂ ಕೂಗುವುದು ಮಗು ಬಿದ್ದ ಮೇಲೆ. ಹೊದಿಕೆಯನ್ನು ಪ್ರತಿ ಸಲ ಈಜಿ ಬಂದ ಮೇಲೆ ಯಾರಾದರೂ ನೆನಪಿಟ್ಟು ಎಳೆಯಬೇಕು. ಒಳ್ಳೆಯ ಬೇಲಿಗೆ ನಮ್ಮ ನೆನಪು ಬೇಕಿಲ್ಲ. ಆಸ್ಟ್ರೇಲಿಯಾದ ಅಳತೆ ನೋಡಿ: ಎತ್ತರ ಕನಿಷ್ಠ 1.2 ಮೀಟರ್, ಸಂದು 10 ಸೆಂಟಿಮೀಟರ್ ಮೀರಬಾರದು. ಗೇಟು ತಾನೇ ಮುಚ್ಚಿಕೊಂಡು ತಾನೇ ಚಿಲಕ ಬೀಳಬೇಕು. ಅದು ಕೊಳದ ಕಡೆಗಲ್ಲ, ಹೊರಗಡೆಗೆ ತೆರೆಯಬೇಕು. ಆಗ ಹೊರಗಿರುವ ಮಗು ತಳ್ಳಿದರೂ ಗೇಟು ಒಳಕ್ಕೆ ಹೋಗುವುದಿಲ್ಲ.

ಹಾಗಂತ ಬೇಲಿ ಹಾಕಿ ಮರೆತರೂ ಆಗದು. ಗೇಟು ಮುಚ್ಚದಿರಲಿ ಎಂದು ಇಟ್ಟಿಗೆ ಇಡುತ್ತೇವೆ. ಬೇಲಿಯ ಪಕ್ಕ ಕುರ್ಚಿ ಬಿಡುತ್ತೇವೆ, ಮಗು ಹತ್ತುತ್ತದೆ. ನ್ಯೂಜಿಲೆಂಡ್‌ನಲ್ಲಿ ಮನೆಯ ಕೊಳದ ಬೇಲಿಯನ್ನು ಮೂರು ವರ್ಷಕ್ಕೊಮ್ಮೆ ಬಂದು ಪರೀಕ್ಷಿಸುತ್ತಾರೆ. ಇದನ್ನು ಕಿರಿಕಿರಿ ಅನ್ನುವವರು ಇದ್ದಾರೆ. ಸಡಿಲವಾದ ಸ್ಪ್ರಿಂಗ್ ಒಂದನ್ನು ಬೇರೆ ಕಣ್ಣು ನೋಡಿ ಹೇಳಿದರೆ ನಷ್ಟವೇನು?

ಹಳೇ ಕೊಳದವರ ದೂರಿನಲ್ಲಿ ಮಾತ್ರ ನ್ಯಾಯವಿದೆ. ಕಟ್ಟಿಸಿದಾಗ ಇಲ್ಲದ ನಿಯಮಕ್ಕೆ ಈಗ ದುಡ್ಡು ಹಾಕು ಎಂದರೆ ಯಾರಿಗಾದರೂ ಬೇಜಾರಾಗುತ್ತದೆ. ಅವರಿಗೆ ಸಮಯ ಕೊಡಬೇಕು, ವಿನಾಯಿತಿ ಬೇಡ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಹೀಗೇ ಮಾಡಿತು. ಹಳೆಯ, ಹೊಸ ಕೊಳಗಳಿಗೆಲ್ಲ ಒಂದೇ ನಿಯಮ ತಂದು, 2015ರ ನವೆಂಬರ್ 30ರವರೆಗೆ ಸುಮಾರು ಐದು ವರ್ಷ ಗಡುವು ಕೊಟ್ಟಿತು. ಮನೆ ಮಾರುವುದಾದರೆ, ಬಾಡಿಗೆಗೆ ಕೊಡುವುದಾದರೆ ಇನ್ನೂ ಮೊದಲೇ ಸರಿಮಾಡಬೇಕಿತ್ತು. ನೋಟ ಕೆಡುತ್ತದೆ ಎನ್ನುವವರಿಗೆ ಗಾಜಿನ ಬೇಲಿಯೂ ಸಿಗುತ್ತದೆ.

ನಿಯಮ ಬರೆಯುವವರಲ್ಲಿ ನನ್ನ ಕೋರಿಕೆ ಒಂದೇ. ಮನೆಯ ಗೋಡೆಯನ್ನು ಬೇಲಿಯ ಒಂದು ಬದಿ ಎಂದು ಸುಮ್ನೆ ಎಣಿಸಬೇಡಿ. ಅದರಲ್ಲಿ ಬಾಗಿಲಿದೆ. ಜೊತೆಗೆ, ಮಕ್ಕಳಿಗೆಂದು ತರುವ ಗಾಳಿ ತುಂಬುವ ತೊಟ್ಟಿಗಳನ್ನೂ ನಿಯಮದಲ್ಲಿ ಸೇರಿಸಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 30 ಸೆಂಟಿಮೀಟರ್‌ಗಿಂತ ಹೆಚ್ಚು ನೀರು ನಿಲ್ಲುವಂಥದ್ದಾದರೆ ಅದಕ್ಕೂ ಬೇಲಿ ಬೇಕು. ಅದಕ್ಕಿಂತ ಚಿಕ್ಕ ತೊಟ್ಟಿ ಇರುವವರು ಆಟ ಮುಗಿದ ಕೂಡಲೇ ನೀರು ಚೆಲ್ಲಿ ಬೋರಲು ಹಾಕಿ. ನಾಳೆ ಬೆಳಿಗ್ಗೆ ಅಂತ ಬಿಡಬೇಡಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗಳು, ಒಬ್ಬ ಅಜ್ಜಿ