ಬಡ್ತಿ ತಪ್ಪಿದ ಪುಟ್ಟಿಗೆ ದೊಡ್ಡಮ್ಮನ ಪತ್ರ

ಮೈಸೂರು

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಪತ್ರವನ್ನು ಎರಡು ಸಲ ಓದಿದೆ. ಹೆರಿಗೆ ರಜೆ ಮುಗಿಸಿ ಕಚೇರಿಗೆ ಮರಳುವಷ್ಟರಲ್ಲಿ ನಿನಗೆ ಬರಬೇಕಿದ್ದ ಬಡ್ತಿ ನಿನಗಿಂತ ಕಿರಿಯರೊಬ್ಬರಿಗೆ ಹೋಗಿತ್ತೆಂದೂ, ಕಾರಣ ಕೇಳಿದರೆ ‘ಮಗು ಇನ್ನೂ ಚಿಕ್ಕದು, ಈ ವರ್ಷ ನಿಮಗೆ ಹೊರೆಯಾಗದಿರಲಿ ಎಂದು ನಾವೇ ಯೋಚಿಸಿದೆವು’ ಎಂದು ನಗುತ್ತಲೇ ಹೇಳಿದರೆಂದೂ ಬರೆದಿದ್ದೀಯೆ. ಬೈದಿದ್ದರೆ ತಿರುಗಿ ಉತ್ತರ ಕೊಡಬಹುದಿತ್ತು, ಕನಿಕರ ತೋರಿದವರಿಗೆ ಏನು ಹೇಳಲಿ ಎಂಬ ನಿನ್ನ ಪ್ರಶ್ನೆ ನನ್ನನ್ನು ಬಹಳ ಹೊತ್ತು ಕಾಡಿತು. ರಾಜೀನಾಮೆಯ ಮಾತನ್ನು ಸದ್ಯಕ್ಕೆ ಬದಿಗಿಡು.

ಈ ಕನಿಕರ ಇಂದು ನಿನ್ನೆಯದಲ್ಲ. ಒಂದು ಕಾಲದಲ್ಲಿ ಅದು ಭಾರತ ಸರ್ಕಾರದ ನಿಯಮಾವಳಿಯಲ್ಲೇ ಅಚ್ಚಾಗಿತ್ತು. ನಮ್ಮ ಕೊಡಗಿನ ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಸಿ. ಬಿ. ಮುತ್ತಮ್ಮನವರ ಹೆಸರನ್ನು ನೀನು ಕೇಳಿರಬಹುದು. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡು, ತಾಯಿಯ ಆಸರೆಯಲ್ಲಿ ಮಡಿಕೇರಿಯಲ್ಲೂ ಮದ್ರಾಸಿನಲ್ಲೂ ಓದಿ, 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಅವರು. ಮದುವೆಯಾದರೆ ಕೆಲಸ ಬಿಡುತ್ತೇನೆಂದು ಅವರಿಂದ ಮುಚ್ಚಳಿಕೆ ಬರೆಸಿಕೊಂಡಿದ್ದರು. 1961ರ ನಿಯಮಗಳ ಪ್ರಕಾರ ಆ ಸೇವೆಯಲ್ಲಿದ್ದ ಹೆಣ್ಣುಮಗಳು ಮದುವೆಗೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಮದುವೆಯಾದ ಮೇಲೆ ಮನೆವಾರ್ತೆಯಿಂದ ಕರ್ತವ್ಯಕ್ಕೆ ಅಡ್ಡಿಯಾದೀತೆಂದು ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆ ಕೇಳಬಹುದಿತ್ತು. ಅಡ್ಡಿಯಾಗಿರಲೇಬೇಕೆಂದಿಲ್ಲ, ಆದೀತೆಂಬ ಅನುಮಾನವಿದ್ದರೆ ಸಾಕು. ನಿನ್ನ ಮೇಲಧಿಕಾರಿಯ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡು, ಎರಡೂ ಒಂದೇ ಅಕ್ಷರದಲ್ಲಿ ಬರೆದಂತಿಲ್ಲವೇ?

ಹಂಗೆರಿಯಲ್ಲಿ ರಾಯಭಾರಿಯಾಗಿ ಕೆಲಸ ಮಾಡಿದ ಮುತ್ತಮ್ಮನವರಿಗೇ ಮುಂದಿನ ಶ್ರೇಣಿಗೆ ಬಡ್ತಿ ನಿರಾಕರಿಸಿದಾಗ ಅವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಅವರ ಅರ್ಜಿ ‘ನನಗೆ ಅನ್ಯಾಯವಾಗಿದೆ’ ಎಂಬಲ್ಲಿಗೆ ನಿಲ್ಲಲಿಲ್ಲ. ಹೆಂಗಸರ ಬಗ್ಗೆ ಸೇವೆಯಲ್ಲಿ ಬೇರೂರಿದ್ದ ಪೂರ್ವಗ್ರಹಕ್ಕೆ ಸಾಕ್ಷಿಯಾಗಿ ಆ ನಿಯಮಗಳನ್ನೇ ನ್ಯಾಯಾಲಯದ ಮುಂದೆ ತಂದಿಟ್ಟಿತು. ಪ್ರಕರಣ ನಡೆಯುತ್ತಿರುವಾಗಲೇ ಸರ್ಕಾರ ಅವರಿಗೆ ಬಡ್ತಿ ಕೊಟ್ಟಿತು. ಹೀಗಾಗಿ 1979ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ ಅರ್ಜಿಯನ್ನು ವಜಾಗೊಳಿಸಿತು, ಆದರೆ ಅರ್ಜಿ ವಜಾ ಆದರೂ ಸಮಸ್ಯೆ ವಜಾ ಆಗಿಲ್ಲವೆಂದು ತೀರ್ಪಿನಲ್ಲೇ ಸ್ಪಷ್ಟಪಡಿಸಿತು. ಸಂಸಾರದ ಹೊಣೆ ಹೆಣ್ಣಿನ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಿನ ಕೆಲಸಕ್ಕೂ ಆಗಬಹುದಲ್ಲವೇ ಎಂದು ಕೇಳಿತು. ವಿವಾಹಿತ ಮಹಿಳೆಗೆ ನೇಮಕಾತಿ ಹಕ್ಕಲ್ಲವೆಂದಿದ್ದ ನಿಯಮವನ್ನು ಆಗಲೇ ತೆಗೆದುಹಾಕಿದ್ದೇವೆ, ಮದುವೆಗೆ ಅನುಮತಿ ಬೇಕೆನ್ನುವುದನ್ನೂ ತೆಗೆಯುತ್ತಿದ್ದೇವೆ ಎಂದು ಸರ್ಕಾರ ಒಪ್ಪಿಕೊಳ್ಳಬೇಕಾಯಿತು. ವಾದವನ್ನು ನಿಯಮದ ಮೇಲೆ ಕಟ್ಟಿದ್ದರಿಂದಲೇ ಅವರಿಗೆ ಬಡ್ತಿ ಸಿಕ್ಕಿದ ಮೇಲೂ ಪ್ರಶ್ನೆ ಸಾಯಲಿಲ್ಲ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ.

ಆ ತೀರ್ಪನ್ನು ತಲೆಯ ಮೇಲೆ ಹೊತ್ತು ಮೆರೆಸುವವರಿದ್ದಾರೆ, ನನಗೆ ಅಷ್ಟು ಭಕ್ತಿಯಿಲ್ಲ. ಎಲ್ಲ ಉದ್ಯೋಗಗಳಲ್ಲೂ ಎಲ್ಲ ಸಂದರ್ಭಗಳಲ್ಲೂ ಗಂಡುಹೆಣ್ಣು ಸಮಾನರೆಂದು ಸಾರುವುದಿಲ್ಲವೆಂದು ಅದೇ ತೀರ್ಪು ಬಾಗಿಲನ್ನು ಒಂದಿಷ್ಟು ತೆರೆದೇ ಇಟ್ಟಿತ್ತು. ಎರಡೇ ವರ್ಷಗಳ ಬಳಿಕ, 1981ರಲ್ಲಿ, ಏರ್ ಇಂಡಿಯಾದ ಗಗನಸಖಿಯರ ಪ್ರಕರಣದಲ್ಲಿ ಅದೇ ನ್ಯಾಯಾಲಯ ಮೊದಲ ಬಸಿರಿಗೇ ಕೆಲಸದಿಂದ ತೆಗೆಯುವ ನಿಯಮವನ್ನು ಕಟುವಾಗಿ ಖಂಡಿಸಿ ರದ್ದು ಮಾಡಿತಾದರೂ, ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾಗಬಾರದೆಂಬುದನ್ನು ಎತ್ತಿಹಿಡಿಯಿತು.

ಇನ್ನು ನನ್ನ ವಿಷಯ. ಸಂದರ್ಶನದಲ್ಲಿ ‘ಮದುವೆಯ ಯೋಚನೆ ಇದೆಯೇ’ ಎಂದು ಕೇಳಿದಾಗ, ನಿಶ್ಚಿತಾರ್ಥದ ದಿನ ಗೊತ್ತಾಗಿದ್ದರೂ ‘ಸದ್ಯಕ್ಕಿಲ್ಲ’ ಎಂದು ಸುಳ್ಳು ಹೇಳಿ ಕೆಲಸ ಗಿಟ್ಟಿಸಿಕೊಂಡವಳು ನಾನು. ಅದಕ್ಕೆ ನನಗೆ ನಾಚಿಕೆಯಿಲ್ಲ. ನಾಚಿಕೆ ಇರುವುದು ಬೇರೆಯದಕ್ಕೆ. ಮುಂದೆ ನಾನೇ ಮೇಲ್ವಿಚಾರಕಿಯಾಗಿದ್ದಾಗ ತರಬೇತಿಗೆ ಕಳುಹಿಸುವವರ ಪಟ್ಟಿಯಿಂದ, ಐದು ತಿಂಗಳ ಬಸುರಿಯಾಗಿದ್ದ ಹುಡುಗಿಯೊಬ್ಬಳ ಹೆಸರನ್ನು ಅವಳನ್ನು ಒಂದು ಮಾತೂ ಕೇಳದೆ ನನ್ನ ಕೈಯಾರೆ ಹೊಡೆದುಹಾಕಿದೆ. ಪ್ರಯಾಣ ಬೇಡ, ಪಾಪ, ಎಂದುಕೊಂಡೆ. ಆ ತರಬೇತಿ ಪಡೆದವರಿಗೇ ಮರುವರ್ಷ ಬಡ್ತಿ ಬಂದಿತು. ನಿನ್ನ ಪತ್ರದಲ್ಲಿರುವ ಆ ವಾಕ್ಯವನ್ನು ನಾನೂ ಆಡಿದ್ದೇನೆ, ಮನಸ್ಸಿನೊಳಗೆ. ಆದ್ದರಿಂದ ನಿನ್ನ ಮೇಲಧಿಕಾರಿ ಕೆಟ್ಟವರೆಂದು ಸಾಧಿಸಲು ಹೊರಡಬೇಡ. ಅವರು ಒಳ್ಳೆಯವರೇ ಇರಬಹುದು, ಅದರಿಂದ ನಿನ್ನ ದೂರು ಸಡಿಲವಾಗುವುದಿಲ್ಲ.

ಮಾಡಬೇಕಾದದ್ದು ಹೀಗೆ. ಬಡ್ತಿಗೆ ಇರುವ ಮಾನದಂಡಗಳೇನು, ಅವುಗಳಲ್ಲಿ ನೀನು ಯಾವುದರಲ್ಲಿ ಹಿಂದೆ ಬಿದ್ದೆ, ರಜೆಯ ಅವಧಿಯನ್ನು ಮೌಲ್ಯಮಾಪನದಲ್ಲಿ ಹೇಗೆ ಎಣಿಸಿದರು ಎಂಬ ಮೂರು ಪ್ರಶ್ನೆಗಳನ್ನು ಸಿಬ್ಬಂದಿ ವಿಭಾಗಕ್ಕೆ ಬರಹದಲ್ಲಿ ಕೇಳು. ಅಂದು ಆಡಿದ ಮಾತನ್ನು ತಾರೀಖಿನೊಂದಿಗೆ, ಆಡಿದ ಹಾಗೆಯೇ, ವಿಶೇಷಣಗಳಿಲ್ಲದೆ ದಾಖಲಿಸು. ಬಾಯಿಮಾತಿನಲ್ಲಿ ಕನಿಕರವಾಗಿ ಕೇಳಿಸುವುದು ಕಾಗದದ ಮೇಲೆ ಬಂದಾಗ ಏನಾಗಿ ಕಾಣುತ್ತದೆಂದು ಅವರಿಗೂ ಗೊತ್ತು. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ 12 ವಾರವಿದ್ದ ಹೆರಿಗೆ ರಜೆ 2017ರಲ್ಲಿ 26 ವಾರವಾದದ್ದು ಯಾರೋ ಮಾಡಿದ ಉಪಕಾರವಲ್ಲ, ಅದನ್ನು ಪಡೆದದ್ದಕ್ಕೆ ನೀನು ಯಾರಿಗೂ ಋಣಿಯಲ್ಲ.

ಒಬ್ಬಳೇ ಹೋಗಬೇಡ. ಮುತ್ತಮ್ಮನವರಂತೆ ಏಕಾಂಗಿಯಾಗಿ ನಿಲ್ಲುವ ಗಟ್ಟಿತನ ಎಲ್ಲರಿಗೂ ಇರುವುದಿಲ್ಲ, ಇರಬೇಕೆಂದು ನಿರೀಕ್ಷಿಸುವುದೂ ತಪ್ಪು. ಮದುವೆಯಾದೊಡನೆ ಕೆಲಸ ಬಿಡಬೇಕೆಂಬ ಒಂದು ಔಷಧ ಕಂಪನಿಯ ಷರತ್ತನ್ನು 1965ರಲ್ಲೇ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿದ್ದು ಮುಂಬಯಿಯ ಕಾರ್ಮಿಕ ಸಂಘವೊಂದು ಹಿಡಿದ ಪಟ್ಟಿನಿಂದ. ನೀನಿರುವ ಬೆಂಗಳೂರಿನಲ್ಲೇ 2016ರ ಏಪ್ರಿಲಿನಲ್ಲಿ ಭವಿಷ್ಯ ನಿಧಿಯ ಹಣ ಹಿಂಪಡೆಯುವುದಕ್ಕೆ ಹಾಕಿದ ನಿರ್ಬಂಧದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದಾಗ ಕೇಂದ್ರ ಸರ್ಕಾರ ಆದೇಶವನ್ನು ಹಿಂತೆಗೆದುಕೊಂಡಿತು. ದೊಡ್ಡ ಸಂಬಳದ ನಿಮ್ಮಂಥವರ ಕಚೇರಿಗಳಲ್ಲಿ ಸಂಘವೆಂದರೆ ಮೂಗು ಮುರಿಯುತ್ತಾರೆ. ಇರಲಿ, ಕಳೆದ ಐದಾರು ವರ್ಷಗಳಲ್ಲಿ ನಿನ್ನ ವಿಭಾಗದಿಂದ ಹೆರಿಗೆ ರಜೆಗೆ ಹೋಗಿ ಬಂದವರು ಯಾರು, ಅವರಲ್ಲಿ ಎಷ್ಟು ಜನರಿಗೆ ಮರುವರ್ಷ ಬಡ್ತಿ ಸಿಕ್ಕಿತು ಎಂದು ಊಟದ ಹೊತ್ತಿನಲ್ಲಿ ವಿಚಾರಿಸಿ ನೋಡು. ಇಬ್ಬರು ಸಹಿ ಹಾಕಲು ಒಪ್ಪಿದರೂ ನಿನ್ನ ಪತ್ರದ ತೂಕ ಬೇರೆಯಾಗುತ್ತದೆ.

ಅವರು ನಿನಗೊಬ್ಬಳಿಗೆ ಮಾತ್ರ ಬಡ್ತಿ ಕೊಟ್ಟು ಮಾತು ಮುಗಿಸಲು ನೋಡಬಹುದು. ಬಡ್ತಿಯನ್ನು ತೆಗೆದುಕೋ, ಬೇಡವೆನ್ನುವ ತ್ಯಾಗ ಯಾರಿಗೂ ಬೇಕಾಗಿಲ್ಲ. ರಜೆಯ ಎಣಿಕೆಯ ಬಗೆಗಿನ ಪ್ರಶ್ನೆಯನ್ನು ಮಾತ್ರ ಹಿಂತೆಗೆದುಕೊಳ್ಳಬೇಡ.

ಪತ್ರದ ಕರಡನ್ನು ಕಳುಹಿಸುವ ಮುನ್ನ ನನಗೊಮ್ಮೆ ತೋರಿಸು. ಮೂವತ್ತು ವರ್ಷ ಕಚೇರಿ ಟಿಪ್ಪಣಿಗಳನ್ನು ತಿದ್ದಿದ ಕೈ ಇದು, ಅನಗತ್ಯವಾದ ಕ್ಷಮೆ ಕೋರಿಕೆಗಳನ್ನೆಲ್ಲ ಹೊಡೆದುಹಾಕುತ್ತೇನೆ. ಮಗುವಿಗೆ ಒಂದು ಮುತ್ತು.

ಇಂತಿ,
ನಿನ್ನ ದೊಡ್ಡಮ್ಮ