ಭಾನುವಾರ ಗೀಜಗ ನೋಡಲು ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 6.30ಕ್ಕೆ ಹೆಸರಘಟ್ಟ ಕೆರೆ ಏರಿ ಹತ್ತಿರ ಸೇರೋಣ. ಬೈನಾಕ್ಯುಲರ್ ಇದ್ದವರು ತನ್ನಿ.

ಜಾಲಿ, ಈಚಲು ಮರಗಳಲ್ಲಿ ಅರ್ಧಂಬರ್ಧ ಗೂಡು ಕಂಡರೆ ಹಾಳಾದದ್ದೆಂದು ಮುಂದೆ ಹೋಗಬೇಡಿ. ಗಂಡು ಗೀಜಗ ಹುಲ್ಲಿನ ಎಳೆ ಸೀಳಿ ತಂದು ಟೋಪಿಯಷ್ಟು ಹೆಣೆದು, ಅದಕ್ಕೇ ಜೋತುಬಿದ್ದು ರೆಕ್ಕೆ ಬಡಿಯುತ್ತದೆ. ಹೆಣ್ಣು ಬಂದು ಒಪ್ಪಿದರಷ್ಟೇ ಉಳಿದ ಕೆಲಸ, ಕೊಳವೆಯಂಥ ಬಾಗಿಲು. ಅವಳು ಮೊಟ್ಟೆಗೆ ಕೂತಳೋ, ಮಹಾಶಯ ಇನ್ನೊಂದು ಗೂಡು ಶುರು ಮಾಡಿರುತ್ತಾನೆ!

ಗೀಜಗದ ನೆಂಟ, ಕಾಡಿನ ನೇಕಾರ ಹಕ್ಕಿ (ಫಾರೆಸ್ಟ್ ವೀವರ್) ಇಲ್ಲಿ ಸಿಗುತ್ತದಾ ಎಂದು ಕೇಳಿದ್ದಿರಿ. ಇಲ್ಲ, ಅದು ಆಫ್ರಿಕಾದ್ದು. ಬೆನ್ನು ಕಪ್ಪು, ಹೊಟ್ಟೆ ಹಳದಿ, ಗಂಡು ಹೆಣ್ಣು ನೋಡಲು ಒಂದೇ ತರಹ. ಬಳ್ಳಿಯ ಎಳೆಗಳಲ್ಲಿ ಉದ್ದ ಮೂತಿಯ ಗೂಡು ಹೆಣೆದು ಜೋಡಿಯಾಗಿ ಬೇರೆಯೇ ಇರುತ್ತವೆ, ಜೊತೆಗೂಡಿ ಹಾಡುತ್ತವೆ. ಗೀಜಗಕ್ಕೂ ಇದಕ್ಕೂ ಇರುವ ಈ ವ್ಯತ್ಯಾಸದ ಮೂಲವನ್ನು 1964ರಲ್ಲಿ ಪಕ್ಷಿ ಸಂಶೋಧಕ ಜಾನ್ ಕ್ರೂಕ್ ಹಕ್ಕಿಗಳ ಊಟದಲ್ಲಿ ಹುಡುಕಿದರು: ಕಾಡಿನಲ್ಲಿ ಹುಳುಗಳು ಚದುರಿರುತ್ತವೆ, ಮರಿ ಸಾಕಲು ಇಬ್ಬರೂ ದುಡಿಯಬೇಕು. ಬಯಲಲ್ಲಿ ಕಾಳು ಒಂದೆಡೆ ಹೇರಳ, ಅದಕ್ಕೇ ಗುಂಪು, ಒಬ್ಬನಿಗೆ ಹಲವು ಹೆಂಡತಿಯರು. ನನಗಂತೂ ಇದು ಗೂಡಿಗಿಂತ ಸೋಜಿಗ.

ಗೂಡಿನ ಮರದಿಂದ ದೂರ ನಿಲ್ಲಿ. ಶೋಕೇಸಿಗೆಂದು ಗೂಡು ಕೀಳುವ ಮಾತೇ ಬೇಡ.